ದೀರ್ಘಕಾಲಿಕ ರೋಗ ತಡೆಗೆ ಅನುದಾನ: ಹಳ್ಳಿಗೆ ಹಣ ಬರುವ ದಾರಿಗಳು

ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು, ಕ್ಯಾನ್ಸರ್ ಇತ್ಯಾದಿಗಳನ್ನು ಅಸಾಂಕ್ರಾಮಿಕ ರೋಗಗಳೆಂದು ಕರೆಯಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಬೇಗ ಪತ್ತೆಯಾದರೆ ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ಬರಬಹುದಾದ ರೋಗ, ತಡವಾದರೆ ಡಯಾಲಿಸಿಸ್‌ವರೆಗೆ ಹೋಗಿ ಬಡ ಕುಟುಂಬವನ್ನು ಸಾಲಕ್ಕೆ ತಳ್ಳುತ್ತದೆ.

ಕನಕಪುರ ತಾಲೂಕಿನ ಕಬ್ಬಾಳು ಗ್ರಾಮವು ಕಬ್ಬಾಳಮ್ಮನ ದೇವಾಲಯಕ್ಕೂ ಕಬ್ಬಾಳದುರ್ಗದ ಬೆಟ್ಟಕ್ಕೂ ಹೆಸರಾದುದು. ರಾಮನಗರ ಎಂದಿದ್ದ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಇಂತಹ ಹಳ್ಳಿಗೆ ರೋಗ ತಡೆಯ ಹಣ ಮುಖ್ಯವಾಗಿ ನಾಲ್ಕು ದಾರಿಗಳಲ್ಲಿ ಬರಬಹುದು.

1. ರಾಷ್ಟ್ರೀಯ ಕಾರ್ಯಕ್ರಮ: ಕೇಂದ್ರ ಸರಕಾರ 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ತಡೆ ಕಾರ್ಯಕ್ರಮವನ್ನು ಆರಂಭಿಸಿತು. ಮೊದಲ ಹಂತದ 100 ಜಿಲ್ಲೆಗಳಲ್ಲಿ ನಮ್ಮ ಉಡುಪಿಯೂ ಸೇರಿತ್ತು, ರಾಮನಗರ ಇರಲಿಲ್ಲ. ಈಗ ಇದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಭಾಗ. ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. 30 ವರ್ಷ ದಾಟಿದವರ ತಪಾಸಣೆಗೆ ಮೊದಲು ಆಶಾ ಕಾರ್ಯಕರ್ತೆ ಮನೆಗೆ ಬಂದು ಪ್ರಶ್ನಾವಳಿ ತುಂಬುತ್ತಾರೆ. ರಾಜ್ಯದ ಗೃಹ ಆರೋಗ್ಯ ಯೋಜನೆಯು 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿತು.

2. ಗ್ರಾಮ ಸಮಿತಿಯ ಮುಕ್ತ ನಿಧಿ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂ.ವರೆಗೆ ನೀಡಲು ಅವಕಾಶವಿದೆ. ಪಂಚಾಯತ್ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ ಎಂಬುದು ಕೇಂದ್ರದ ಮಾರ್ಗಸೂಚಿ. ಹಣ ಊರಿನ ಸಾಮೂಹಿಕ ಕೆಲಸಕ್ಕೆ ಮೀಸಲು; ಆದರೆ ನಿರ್ಗತಿಕ ಮಹಿಳೆ ಅಥವಾ ತೀರಾ ಬಡ ಕುಟುಂಬದ ಆರೋಗ್ಯದ ಅಗತ್ಯಕ್ಕೆ ವಿನಾಯಿತಿ ಇದೆ. ಖರ್ಚಿನ ಲೆಕ್ಕ ಕೊಟ್ಟಷ್ಟನ್ನೇ ಮರುವರ್ಷ ತುಂಬಿಕೊಡುವುದು ಪದ್ಧತಿ.

3. ಕಂಪನಿಗಳ ಸಾಮಾಜಿಕ ಹೊಣೆ ನಿಧಿ: 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ರೋಗ ತಡೆಯೂ ಪಟ್ಟಿಯಲ್ಲಿದೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂದು ಕಾಯ್ದೆ ಹೇಳುವುದರಿಂದ ಬಿಡದಿ, ಹಾರೋಹಳ್ಳಿಯ ಕೈಗಾರಿಕೆಗಳನ್ನು ಈ ಭಾಗದ ಸಂಸ್ಥೆಗಳು ಕೇಳಬಹುದು. ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ನೋಂದಣಿ ಮಾಡಿಕೊಳ್ಳಬೇಕಾಗಿದೆ.

4. ವಿದೇಶಿ ದೇಣಿಗೆ: 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಚಿಕ್ಕ ಸಂಘಗಳಿಗೆ ಈ ದಾರಿ ಮುಚ್ಚಿದೆ.

ಸಮಾನತೆಯ ಪ್ರಶ್ನೆ

ಅನುದಾನದ ಯಶಸ್ಸನ್ನು ತಪಾಸಣೆಯಾದ ತಲೆಗಳ ಲೆಕ್ಕದಲ್ಲಿ ಮಾತ್ರ ಅಳೆದರೆ, ಹಗಲು ಮನೆಯಲ್ಲಿ ಸಿಗುವವರೇ ಲೆಕ್ಕಕ್ಕೆ ಬರುತ್ತಾರೆ. ಮುಂಜಾನೆ ಕೂಲಿಗೆ ಹೊರಟವನು, ರೇಷ್ಮೆ ನೂಲು ತೆಗೆಯುವ ಹೊಗೆ-ಹಬೆಯಲ್ಲಿ ದಿನ ಕಳೆಯುವವಳು, ಹಾಸಿಗೆ ಹಿಡಿದ ವೃದ್ಧರು ಬಿಟ್ಟುಹೋಗುತ್ತಾರೆ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾದುದು ತಾಲೂಕು ಆಸ್ಪತ್ರೆಗೆ ಹೋಗುವ ಖರ್ಚನ್ನು ಇಳಿಸಿದೆ. ಆದರೆ ಒಂದು ದಿನದ ಕೂಲಿ ನಷ್ಟವನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ಇಲ್ಲಿಯೇ ಆ 10,000 ರೂಪಾಯಿಯ ಬೆಲೆ ಇರುವುದು. ತಿಂಗಳಿಗೆ 833 ರೂಪಾಯಿ ಬಹಳ ಸಣ್ಣ ಮೊತ್ತ ನಿಜ. ಆದರೆ ಎಲ್ಲಿ ಖರ್ಚಾಗಬೇಕೆಂದು ಊರಿನವರೇ ತೀರ್ಮಾನಿಸಬಹುದಾದ ಹಣ ಈ ನಾಲ್ಕರಲ್ಲಿ ಇದೊಂದೇ. ರಕ್ತದೊತ್ತಡ ಅಳೆಯುವ ಒಂದು ಯಂತ್ರ, ಕೂಲಿಯವರು ಮರಳಿದ ಮೇಲೆ ಸಂಜೆ ಒಂದು ತಪಾಸಣೆ, ಗಾಡಿ ಇಲ್ಲದ ವೃದ್ಧೆಗೆ ಆಟೋ ಬಾಡಿಗೆ: ಇಷ್ಟಕ್ಕೆ ಅದು ಸಾಕು.

ಆದುದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳೋಣ. ನಮ್ಮ ಸಮಿತಿ ಈ ವರ್ಷ ಎಷ್ಟು ಬಾರಿ ಸೇರಿದೆ? ಬಂದ ಹಣದಲ್ಲಿ ಎಷ್ಟು ಉಳಿದಿದೆ? ತಪಾಸಣೆಗೆ ಇನ್ನೂ ಸಿಗದವರು ಯಾವ ಮನೆಯವರು? ಮೂರನೆಯದಕ್ಕೆ ಉತ್ತರ ಸಿಕ್ಕಿದರೆ, ಮೊದಲೆರಡರ ಹಣಕ್ಕೆ ದಾರಿ ತಾನಾಗಿ ಕಾಣುತ್ತದೆ.