ಆಟದ ಅಂಪೈರನ ವಿವೇಚನೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವಾಗಿ ಕಥೆಯನ್ನು ಮುಂದುವರಿಸುವ ಆಟವಿದು. ನಡೆಸುವವನು ಗೇಮ್ ಮಾಸ್ಟರ್. ಪಾತ್ರಧಾರಿ ಗೋಡೆ ಹತ್ತಬಲ್ಲನೇ, ಬೀಳುವನೇ ಎಂಬುದನ್ನು ನಿಯಮ ಮತ್ತು ದಾಳ ಹೇಳುತ್ತವೆ. ನಿಯಮವಿಲ್ಲದ ಕಡೆ ಗೇಮ್ ಮಾಸ್ಟರನ ಮಾತೇ ತೀರ್ಪು. (ದಾಳವೆಂದೊಡನೆ ಜೂಜು ನೆನಪಾಗುವುದು ಸಹಜ. ಇಲ್ಲಿ ಪಣವಿಲ್ಲ, ಉಳಿದ ವಿಚಾರವನ್ನು ಆಲಿಮರಿಗೆ ಬಿಡುತ್ತೇನೆ.)

ಈ ಅಧಿಕಾರದ ಮೂಲ ಪ್ರಷ್ಯಾದ ಸೈನ್ಯದಲ್ಲಿದೆ. 1824ರಲ್ಲಿ ರೈಸ್ವಿಟ್ಜ್ ಎಂಬ ಫಿರಂಗಿದಳದ ಯುವ ಅಧಿಕಾರಿ, ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ಪರಿಷ್ಕರಿಸಿ ಪ್ರಕಟಿಸಿದ. ಎರಡೂ ಪಕ್ಷದವರು ಆಜ್ಞೆಗಳನ್ನು ಬರೆದು ಅಂಪೈರನಿಗೆ ಕೊಡಬೇಕು. ಅವನು ದಾಳ ಹಾಕಿ, ಕೋಷ್ಟಕ ನೋಡಿ ಫಲಿತಾಂಶ ಹೇಳುತ್ತಾನೆ. ಕೋಷ್ಟಕಗಳು ಬೇಸರ ತರಿಸಿದವು. 1876ರಲ್ಲಿ ವೆರ್ದಿ ದು ವೆರ್ನುವಾ ಎಂಬ ಸೇನಾಧಿಕಾರಿ, ಯುದ್ಧ ಕಂಡ ಅಂಪೈರನಿಗೆ ಅವುಗಳ ಅಗತ್ಯವೇ ಇಲ್ಲ, ಅನುಭವದಿಂದಲೇ ತೀರ್ಪು ಕೊಡಲಿ ಎಂದು ವಾದಿಸಿದ. 1880ರಲ್ಲಿ ಅಮೆರಿಕದ ಚಾರ್ಲ್ಸ್ ಟಾಟನ್ ಬರೆದ ಯುದ್ಧದಾಟದ ಪುಸ್ತಕದಲ್ಲೂ ಅಂಪೈರನಿಗೆ ವಿಶಾಲ ಅಧಿಕಾರವಿತ್ತು. ಆ ಪುಸ್ತಕ 1960ರ ದಶಕದಲ್ಲಿ ಡೇವಿಡ್ ವೆಸ್ಲಿ ಎಂಬ ಯುವಕನ ಕೈಗೆ ಸಿಕ್ಕಿತು. ಅವನು ನಡೆಸಿದ ಆಟಗಳಲ್ಲಿ ಪಳಗಿದವನೇ ಆರ್ನೆಸನ್.

ಹಾಗಾದರೆ ಯಾವ ವಿವೇಚನೆ ನ್ಯಾಯ, ಯಾವುದು ಅನ್ಯಾಯ? ಬ್ಯಾಟಿಂಗ್ ತಂಡದ ಹುಡುಗನೇ ಅಂಪೈರ್ ಆಗಿ ನಿಂತ ಕ್ರಿಕೆಟ್ ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಇನ್ನರ್ಧಕ್ಕೆ ಜಪಾನಿನ ಒಂದು ಯುದ್ಧದಾಟವನ್ನು ನೋಡಬೇಕು.

1942ರ ಮೇ ಮೊದಲ ವಾರ. ಮಿಡ್‌ವೇ ದ್ವೀಪದ ದಾಳಿಗೆ ಮುನ್ನ ಜಪಾನಿನ ನೌಕಾಧಿಕಾರಿಗಳು ‘ಯಮಾಟೊ’ ಹಡಗಿನಲ್ಲಿ ಆಟವಾಡಿ ಯೋಜನೆಯನ್ನು ಪರೀಕ್ಷಿಸಿದರು. ಫುಚಿದಾ ಮತ್ತು ಒಕುಮಿಯಾ ಯುದ್ಧದ ನಂತರ ಬರೆದ ಪುಸ್ತಕದ ಪ್ರಕಾರ, ಅಮೆರಿಕದ ವಿಮಾನಗಳ ದಾಳಿಗೆ ಅಂಪೈರ್ ಆಗಿದ್ದ ಒಕುಮಿಯಾ ದಾಳ ಹಾಕಿದಾಗ 9 ಬಾಂಬು ತಗುಲಿ ‘ಅಕಾಗಿ’, ‘ಕಗಾ’ ಎಂಬ ವಿಮಾನವಾಹಕ ಹಡಗುಗಳು ಮುಳುಗಿದವು. ಆಟದ ಮೇಲ್ವಿಚಾರಣೆ ವಹಿಸಿದ್ದ ಅಡ್ಮಿರಲ್ ಉಗಾಕಿ ಅದನ್ನು 3ಕ್ಕೆ ಇಳಿಸಿದರು. ‘ಕಗಾ’ ಮುಳುಗಿತು, ‘ಅಕಾಗಿ’ ಉಳಿಯಿತು.

ಇಲ್ಲಿಯವರೆಗೆ ಉಗಾಕಿಯನ್ನು ದೂರಲು ನಾನು ಸಿದ್ಧನಿಲ್ಲ. ಚಲಿಸುವ ಹಡಗಿಗೆ ಎತ್ತರದಿಂದ ಬಾಂಬು ತಗುಲಿಸುವುದು ಕಷ್ಟ. ನಿಜವಾದ ಯುದ್ಧದಲ್ಲಿ ಮಿಡ್‌ವೇಯಿಂದ ಹಾರಿದ ಬಿ-17 ವಿಮಾನಗಳ ಒಂದು ಬಾಂಬೂ ಆ ಹಡಗುಗಳಿಗೆ ತಗುಲಲಿಲ್ಲ. ದಾಳ ಅತಿಯಾಗಿ ಹೇಳಿದ್ದನ್ನು ಅನುಭವಿ ತಿದ್ದಿದ ಎನ್ನಬಹುದು. ಆದರೆ ಆಟದ ಮುಂದಿನ ಹಂತದಲ್ಲಿ, ಫಿಜಿ ಮತ್ತು ನ್ಯೂ ಕ್ಯಾಲೆಡೋನಿಯಾದ ಮೇಲಿನ ದಾಳಿಗೆ, ಮುಳುಗಿದ್ದ ‘ಕಗಾ’ ಮತ್ತೆ ಹಾಜರಾಯಿತು. ಇದಕ್ಕೆ ಯಾವ ಅನುಭವದ ಆಧಾರವೂ ಇಲ್ಲ. ಯೋಜನೆ ಗೆಲ್ಲಲೇಬೇಕಿತ್ತು, ಅದಕ್ಕಾಗಿ ಹಡಗು ಮೇಲೆದ್ದಿತು. ಮುಳುಗಿದರೆ ಮುಂದೇನು ಎಂಬ ಪ್ರಶ್ನೆಯನ್ನು ಕೇಳುವ ಅವಕಾಶವೂ ಅಲ್ಲಿಗೇ ಮುಗಿಯಿತು.

ಜೂನ್ 4ರಂದು ಅಮೆರಿಕದ ವಿಮಾನವಾಹಕ ಹಡಗುಗಳಿಂದ ಬಂದ ಡೈವ್ ಬಾಂಬರ್‌ಗಳು ‘ಕಗಾ’ದ ಮೇಲೆರಗಿದವು. ಅಂದು ಸಂಜೆ 800ಕ್ಕೂ ಹೆಚ್ಚು ಜನರೊಂದಿಗೆ ಅದು ಮುಳುಗಿತು.