ದೇವಣಿ

ಪ್ರಾಣಿಗಳಿಗೆ ಹೆಸರು ಒದಗಿಬರುವ ಬಗೆಗಳು ಹಲವು. 1414ರಲ್ಲಿ ಬಂಗಾಳದ ಸುಲ್ತಾನನು ಕಾಣಿಕೆಯಾಗಿ ಕಳುಹಿಸಿದ ಜಿರಾಫೆಯನ್ನು ಕಂಡ ಚೀನೀಯರು, ತಮ್ಮ ಪುರಾಣಪ್ರಸಿದ್ಧವಾದ ಮಂಗಳಮೃಗ ‘ಚೀಲಿನ್’ ಇದೇ ಎಂದು ಭಾವಿಸಿ ಸಂಭ್ರಮಿಸಿದರು. ಆ ಪದದ ಜಪಾನೀ ರೂಪವಾದ ‘ಕಿರಿನ್’ ಎಂಬುದೇ ಜಪಾನಿನಲ್ಲಿ ಇಂದಿಗೂ ಜಿರಾಫೆಯ ಹೆಸರು.

ಬೀದರ ಜಿಲ್ಲೆಯ ಭಾಲ್ಕಿ, ಔರಾದ ಸೀಮೆಯ ಕೊಟ್ಟಿಗೆಗಳಲ್ಲಿ ಕಾಣುವ ದೇವಣಿ ತಳಿಯ ದನಗಳಿಗಾದರೋ ಹೆಸರು ಬಂದುದು ಪುರಾಣದಿಂದಲ್ಲ, ಊರಿನಿಂದ. ಪದದಲ್ಲಿ ಕೇಳಿಬರುವ ದೇವಶಬ್ದವು ಗೋಪೂಜೆಯ ಭಾವನೆಯನ್ನು ಮನಸ್ಸಿಗೆ ತರುವುದು ಸಹಜವೇ ಆದರೂ, ತಳಿಗೆ ಈ ನಾಮವನ್ನಿತ್ತುದು ಉದಗೀರ ಪ್ರಾಂತದ ದೇವಣಿ ಎಂಬ ಗ್ರಾಮ. ನಿಜಾಮನ ಆಳಿಕೆಯಲ್ಲಿ ಬೀದರ ಜಿಲ್ಲೆಗೇ ಸೇರಿದ್ದ ಉದಗೀರವು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸಂದು, ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. ಊರು ಗಡಿಯಾಚೆಯದಾದರೂ ಹೆಸರು ಈಚೆಯ ರೈತರ ಬಾಯಲ್ಲಿ ಅಳಿಯದೆ ನಿಂತಿತು.

ತಳಿಯೊಳಗಣ ಭೇದಗಳಿಗೂ ಹೆಸರುಂಟು: ಅಚ್ಚಬಿಳುಪಿನದು ಬಾಲಂಕ್ಯಾ, ಬಿಳಿಯ ಮೈಯಿದ್ದು ಮುಖದ ಪಕ್ಕಗಳು ಕಪ್ಪಾದುದು ವಾನೇರಾ, ಬಿಳುಪಿನ ಮೇಲೆ ಕರಿಯ ಮಚ್ಚೆಗಳು ಚೆದುರಿದುದು ಶೇವೇರಾ. ಹೈನಿಗೂ ಬೇಸಾಯಕ್ಕೂ ಸಮನಾಗಿ ಒದಗುವ ದನವನ್ನು ಇಷ್ಟು ಸೂಕ್ಷ್ಮವಾಗಿ ಕಂಡು ಹೆಸರಿಟ್ಟ ಗೋಪಾಲಕರ ದೃಷ್ಟಿಯು ಯಾವ ನಿಘಂಟುಕಾರನ ದೃಷ್ಟಿಗೂ ಕಡಮೆಯದಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೊಂದು ಈ ತಳಿಯ ಸಂರಕ್ಷಣೆಗೆ ತೊಡಗಿದೆ. ದನದೊಡನೆ ಈ ಹೆಸರುಗಳೂ ಉಳಿಯಬೇಕು. ಬಲ್ಲ ಹಿರಿಯರನ್ನು ಕೇಳಿ, ಬಣ್ಣ, ಕೋಡು, ನಡೆಗಳಿಗಿರುವ ಪದಗಳನ್ನು ಆ ಸೀಮೆಯ ತರುಣರು ಬರೆದಿಡಬೇಕೆಂದು ಬಿನ್ನಹ.