ಹೊಗೆಯ ದಿಕ್ಕು ಹಿಡಿಯುವ ಕುದುರೆ ಕೂದಲು

1910ರ ಆಗಸ್ಟ್‌ನಲ್ಲಿ ಅಮೆರಿಕದ ಐಡಾಹೊ, ಮೊಂಟಾನಾ ರಾಜ್ಯಗಳಲ್ಲಿ ಹಬ್ಬಿದ ಕಾಡ್ಗಿಚ್ಚು ಸುಮಾರು 30 ಲಕ್ಷ ಎಕರೆಯನ್ನು ಆಹುತಿ ತೆಗೆದುಕೊಂಡಿತು. ಬೆಟ್ಟದ ನೆತ್ತಿಯ ಕಾವಲು ಗೋಪುರದಿಂದ ಹೊಗೆಯೇನೋ ಕಾಣುತ್ತದೆ. ಬೆಂಕಿ ಇರುವ ಜಾಗವನ್ನು ಹೇಳುವುದು ಹೇಗೆ? ಅದೇ ದಶಕದಲ್ಲಿ ಅಲ್ಲಿನ ಅರಣ್ಯ ಇಲಾಖೆಯ ನೌಕರ ಆಸ್ಬಾರ್ನ್ ಇದಕ್ಕೊಂದು ಉಪಕರಣ ರೂಪಿಸಿದರು. ದುಂಡನೆಯ ಫಲಕದ ಮೇಲೆ ಸುತ್ತಲಿನ ಪ್ರದೇಶದ ನಕ್ಷೆ, ನಟ್ಟನಡುವೆ ಗೋಪುರ, ಅಂಚಿನಲ್ಲಿ ಡಿಗ್ರಿ ಗುರುತಿನ ಉಂಗುರ. ಹಿಂದಿನ ಸೀಳುಗಂಡಿಯಲ್ಲಿ ಕಣ್ಣಿಟ್ಟು, ಎದುರಿನ ಚೌಕಟ್ಟಿಗೆ ಬಿಗಿದ ಕುದುರೆ ಕೂದಲನ್ನು ಹೊಗೆಯ ಬುಡಕ್ಕೆ ಹೊಂದಿಸಿದರೆ ದಿಕ್ಕು ಸಿಕ್ಕಿತು. ಇನ್ನೊಂದು ಗೋಪುರವೂ ದಿಕ್ಕು ತಿಳಿಸಿದರೆ, ಎರಡು ಗೆರೆ ಕೂಡುವಲ್ಲಿ ಬೆಂಕಿ. ನಿಮ್ಮ ರೇಖಾಗಣಿತವೇ! ಒಂದು ಡಿಗ್ರಿ ತಪ್ಪಿದರೂ 20 ಕಿ.ಮೀ. ದೂರದಲ್ಲಿ ಸುಮಾರು 350 ಮೀಟರ್ ಆಚೀಚೆ. ದಟ್ಟ ಕಾಡಿನಲ್ಲಿ ಅಷ್ಟು ಸಾಕು, ದಾರಿ ತಪ್ಪಲು.

ವಿಮಾನಗಳು ಬಂದವು, ಗೋಪುರಗಳು ಒಂದೊಂದಾಗಿ ಮುಚ್ಚಿದವು, ಕಾಲಕ್ರಮೇಣ ಉಪಕರಣದ ತಯಾರಿಕೆಯೂ ನಿಂತಿತು. ಆದರೆ ಉಳಿದ ಗೋಪುರಗಳಲ್ಲಿ ಕೆಲಸ ನಿಲ್ಲಲಿಲ್ಲವಲ್ಲ! ಸವೆದ ಭಾಗಕ್ಕೆ ಬದಲಿ ಎಲ್ಲಿಂದ ತರುವುದು? ಕಡೆಗೆ 2000ದ ದಶಕದಲ್ಲಿ, ಕ್ಯಾಲಿಫೋರ್ನಿಯದ ಸ್ಯಾನ್ ಡಿಮಾಸ್‌ನ ಅರಣ್ಯ ಇಲಾಖೆಯ ತಾಂತ್ರಿಕ ಕೇಂದ್ರದ ಮುತುವರ್ಜಿಯಿಂದ ತಯಾರಿಕೆ ಮತ್ತೆ ಆರಂಭವಾಯಿತು. ಉಪಗ್ರಹಗಳ ಕಾಲದಲ್ಲಿ ಇದೇಕೆ ಎನ್ನುತ್ತೀರಾ? ಸಿಡಿಲು ಬಡಿದ ಮರದಿಂದ ಏಳುವ ಮೊದಲ ತೆಳು ಹೊಗೆ ಮೋಡದ ಮೇಲಿನ ಉಪಗ್ರಹಕ್ಕೆ ಕಾಣದಿರಬಹುದು. ಈ ಉಪಕರಣಕ್ಕೋ, ವಿದ್ಯುತ್ತೂ ಬೇಕಿಲ್ಲ.